ಯಾರ ಕೋಣೆಯ ಉಷ್ಣತೆ

ಗುರುಬಸಮ್ಮನ ಎಡಗೈ ಹಿಟ್ಟನ್ನು ತಿರುಗಿಸುತ್ತಿತ್ತು, ಬಲಗೈ ಬಡಿಯುತ್ತಿತ್ತು. ಆ ಬಲಗೈ ಮೊಣಕೈಯಿಂದ ಕೆಳಗೆ ಕೃತಕ. ಜೋಳದ ಹಿಟ್ಟು ತಾಳಕ್ಕೆ ತಕ್ಕಂತೆ ಅಗಲವಾಯಿತು. ಅಷ್ಟರಲ್ಲಿ ಬೆರಳುಗಳು ಏನೋ ಮರೆತಂತೆ ಅರ್ಧದಲ್ಲಿ ನಿಂತವು. ಮತ್ತೆ ಎದ್ದು ಬಿದ್ದಾಗ ರೊಟ್ಟಿ ನಡುವೆ ಹರಿಯಿತು.

“ಹೋದ ವರ್ಷ ನನಗಿಂತ ಛಂದ ಬಡಿತಿತ್ತು ನೋಡ್ರಿ. ಈಗ ಹೊಸಾ ಸೊಸಿ ಹಂಗ ಮಾಡಾಕತ್ತದ,” ಎಂದಳು ಆಕೆ. “ಗಿರಾಕಿ ಎದುರಿನ ಖಾನಾವಳಿಗೆ ಹೊಂಟಾರ.”

ರಾಯಚೂರು, 2061ರ ಮೇ ತಿಂಗಳು. ಒಲೆಯ ಪಕ್ಕ ನಿಂತಿದ್ದ ವಿಜ್ಞಾನಿ ಮಂದಾಕಿನಿ ಹಂದ್ರಾಳ ಉಷ್ಣಮಾಪಕ ನೋಡಿದರು. ಐವತ್ತೈದು ಡಿಗ್ರಿ. ಆ ಕೈಯೊಳಗಿನ ನೆನಪಿನ ಚಿಪ್ಪು, ಅಂದರೆ ಮೆಮೊರಿ ಚಿಪ್, ಅವರದೇ ಸೃಷ್ಟಿ.

ಇಂಥ ಚಿಪ್ಪಿನಲ್ಲಿ ನೆನಪು ಎಂದರೆ ಪುಟ್ಟ ಕೋಣೆಗಳಲ್ಲಿ ಕೂಡಿಹಾಕಿದ ಎಲೆಕ್ಟ್ರಾನುಗಳು. ಹಳೆಯ ಚಿಪ್ಪುಗಳಲ್ಲಿ ಅವುಗಳನ್ನು ಗೋಡೆ ದಾಟಿಸಿ ಒಳಗೆ ನೂಕಲು ಹತ್ತು ವೋಲ್ಟಿಗೂ ಹೆಚ್ಚು ಬೇಕಿತ್ತು. ಮಂದಾಕಿನಿ ಗೋಡೆಯನ್ನು ಎಷ್ಟು ತೆಳುವಾಗಿಸಿದರೆಂದರೆ ಒಂದು ವೋಲ್ಟಿನ ಮೂರನೇ ಒಂದು ಪಾಲು ಸಾಕಾಯಿತು. ಬ್ಯಾಟರಿಯೇ ಬೇಡ, ಮೈಯ ಬಿಸಿಯಿಂದ ಹುಟ್ಟುವ ವಿದ್ಯುತ್ತಿನಲ್ಲೇ ಕೈ ಕಲಿಯುತ್ತಿತ್ತು, ಕಲಿತದ್ದನ್ನು ಉಳಿಸಿಕೊಳ್ಳುತ್ತಿತ್ತು. ಆದರೆ ತೆಳು ಗೋಡೆಯನ್ನು ಸೆಕೆಯಲ್ಲಿ ಎಲೆಕ್ಟ್ರಾನುಗಳು ಸುಲಭವಾಗಿ ಹಾರುತ್ತವೆ. ಇಪ್ಪತ್ತೈದು ಡಿಗ್ರಿಯಲ್ಲಿ ನೆನಪು ನೂರು ವರ್ಷ, ಐವತ್ತೈದರಲ್ಲಿ ಒಂಬತ್ತು ತಿಂಗಳು. ಎರಡನ್ನೂ ಅಳೆದು, ಎರಡನ್ನೂ ವಿವರಪಟ್ಟಿಗೆ ಬರೆದುಕೊಟ್ಟಿದ್ದರು. ಅಚ್ಚಾದದ್ದು ಮೊದಲನೆಯದು ಮಾತ್ರ.

ಜೊತೆಗೆ ಬಂದಿದ್ದ ಕಂಪನಿಯ ಅಧಿಕಾರಿ ಸುದರ್ಶನ ಕುತ್ತಿಗೆಯ ಬೆವರು ಒರೆಸಿಕೊಂಡ. “ಒಲೆ ಹತ್ತಿರ ಬಳಸಿದ್ದಾರೆ ಮೇಡಂ. ವಾರಂಟಿ ಬರಲ್ಲ.”

“ಮತ್ತ ರೊಟ್ಟಿ ಎಲ್ಲಿ ಬಡೀಲ್ರಿ ಸಾಹೇಬ್ರ? ನಿಮ್ಮ ಥಂಡಿ ಆಫೀಸಿಗೆ ಒಲಿ ಹೊತ್ಕೊಂಡು ಬರ್ಲೇನು?”

ಸುದರ್ಶನ ಮಂದಾಕಿನಿಯ ಕಡೆ ತಿರುಗಿದ. “‘ಅಡುಗೆಮನೆಯಲ್ಲಿ ಬಳಸಬೇಡಿ’ ಅಂತ ಒಂದು ಸಾಲು ಸೇರಿಸಿಬಿಡೋಣ. ನೀವು ಸಹಿ ಹಾಕಿದರೆ ಈ ವರ್ಷದ ಮಾರಾಟಕ್ಕೆ ತೊಂದರೆಯಿಲ್ಲ.”

“ನಾನು ಕೊಟ್ಟ ಎರಡನೇ ಅಳತೆ ಎಲ್ಲಿ ಹೋಯಿತು?”

“ಅದನ್ನು ಹಾಕಿದರೆ ಯಾರು ಕೊಳ್ಳುತ್ತಾರೆ? ಎಲ್ಲರೂ ಇಪ್ಪತ್ತೈದಕ್ಕೇ ಕೊಡೋದು, ಮೇಡಂ. ಅದು ಕೋಣೆಯ ಉಷ್ಣತೆ.”

“ಯಾರ ಕೋಣೆ?”

ಸುದರ್ಶನ ಮತ್ತೆ ಕುತ್ತಿಗೆ ಒರೆಸಿಕೊಂಡ.

“ಈಕೆಯದಲ್ಲ. ಈ ಊರಿನ ಯಾರದ್ದೂ ಅಲ್ಲ,” ಎಂದರು ಮಂದಾಕಿನಿ. “ಅಳತೆ ಮುಚ್ಚಿಟ್ಟದ್ದು ನೀವು, ತಪ್ಪು ಬಳಕೆ ಈಕೆಯದೇ? ನಾನು ಸಹಿ ಹಾಕುವುದಿಲ್ಲ. ದಪ್ಪ ಗೋಡೆಯ ಚಿಪ್ಪು ಮಾಡೋಣ. ಪುಟ್ಟ ಬ್ಯಾಟರಿ ಬೇಕಾಗುತ್ತದೆ, ನಿಮ್ಮ ಜಾಹೀರಾತು ಬದಲಾಗುತ್ತದೆ, ಅಷ್ಟೇ. ಅಲ್ಲಿಯವರೆಗೆ ಒಂದು ಕೈಯೂ ಮಾರಾಟವಾಗದು.”

“ಅಲ್ಲೀಮಟ ನಾ ಏನ್ ಮಾಡ್ಲವ್ವಾ?” ಎಂದಳು ಗುರುಬಸಮ್ಮ.

ಗುರುಬಸಮ್ಮ ಹೊಸ ಉಂಡೆ ತೆಗೆದುಕೊಂಡು, ಎಡಗೈಯನ್ನು ಬಲಗೈಯ ಮೇಲಿಟ್ಟು, ಎಳೆಯ ಮಗಳಿಗೆ ಕಲಿಸುವಂತೆ ಮೊದಲ ಏಟಿನಿಂದ ಬಡಿಯತೊಡಗಿದಳು.

ನೋಡುತ್ತ ನಿಂತ ಮಂದಾಕಿನಿಗೆ 2026ರ ತಮ್ಮ ಕಾಲೇಜು ನೆನಪಾಯಿತು. ಅಂದು ಮೇಷ್ಟ್ರು ಹಲಗೆಯ ಮೇಲೆ ಬರೆದ ಮೊದಲ ಚಿಪ್ಪಿನ ವಿವರದಲ್ಲೂ ಅದೇ ಸಂಖ್ಯೆಯಿತ್ತು: ಕೋಣೆಯ ಉಷ್ಣತೆ, ಇಪ್ಪತ್ತೈದು ಡಿಗ್ರಿ. ಕಲಬುರಗಿಯ ಏಪ್ರಿಲ್ ಬಿಸಿಲು ಕಿಟಕಿಯಲ್ಲಿ ಉರಿಯುತ್ತಿತ್ತು. ಇಡೀ ತರಗತಿ ಬೆವರಿನ ಕೈಯಿಂದ ಪುಟ ಒದ್ದೆ ಮಾಡಿಕೊಳ್ಳುತ್ತ ಅದನ್ನು ಬರೆದುಕೊಂಡಿತ್ತು. ಯಾರ ಕೋಣೆ ಎಂದು ಒಬ್ಬರೂ ತಲೆಯೆತ್ತಿ ಕೇಳಿರಲಿಲ್ಲ.