ಬಾಣ ಉಂಡ ಅತಿಥಿಗಳು

ಬಹುಕಾಲದ ಹಿಂದೆ, ಮಣ್ಣಿನ ಕೆಳಗಿನ ಸೀಮೆಯಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕವರ ಒಂದು ಕುಲವಿತ್ತು. ಉಸಿರು ಅಳತೆಯಲ್ಲಷ್ಟೇ ಸಿಗುವ ಮುಚ್ಚಿದ ಕೋಣೆ ಸಿಕ್ಕರೆ ಅವರು ಗಾಳಿಯಿಂದ ಅನ್ನ ಮಾಡಬಲ್ಲರು. ಅವರಿಗೊಂದು ಕಟ್ಟಳೆ: ಕರೆದ ಮನೆಯಲ್ಲಿ ಕೊಟ್ಟ ತುತ್ತನ್ನು ಬೇಡ ಎನ್ನಬಾರದು.

ಒಂದು ವರ್ಷ, ಅದೇ ಮಣ್ಣಿನಲ್ಲಿ ಬೇರೂರಿದ್ದ ಮೆಂತ್ಯರಾಣಿ ಎಂಬ ಗಿಡದ ಎಲೆಗಳನ್ನು, ಅನ್ನ ಸಾಲದಾಗ ಬರುವ ಹಳದಿ ಮಾಂತ್ರಿಕ ಹಿಡಿದ. ಬೆಳಗ್ಗೆ ಒಂದೆಲೆ ಬಾಡಿತು, ಸಂಜೆಗೆ ಹತ್ತು. ರಾಣಿ ಬೇರಿನಿಂದ ಪರಿಮಳ ಕಳಿಸಿದಳು: "ಗಾಳಿಯ ಅನ್ನ ಬಲ್ಲವರು ಬನ್ನಿ. ಬೆಲ್ಲ ಕೊಡುತ್ತೇನೆ."

ಅಂಥ ಕೋಣೆ ಸಿಗದೆ ಕುಲ ಹಸಿದಿತ್ತು. ದೊಡ್ಡೀರ, ಚಿಕ್ಕೀರ ಎಂಬ ಅಣ್ಣತಮ್ಮಂದಿರು ಮುಂದೆ ಹೊರಟರು, ಉಳಿದವರು ಹಿಂದೆ. ದೊಡ್ಡೀರ ಗುರಾಣಿ ಹೊತ್ತ.

"ಉಣ್ಣಲು ಹೋಗುವವನಿಗೆ ಗುರಾಣಿ ಯಾಕಣ್ಣ?"

"ನಿನ್ನ ಹಾಗೆ ಬರೀ ಬಾಯಿ ಹೊತ್ತು ಹೋಗಲೇನೋ?"

ಮೊದಲ ಬಾಗಿಲು ಬೇರಿನ ಒಂದು ಕೂದಲು. ಅದು ಹಾವಿನಂತೆ ಸುರುಳಿ ಸುತ್ತಿ ಅವರನ್ನು ಬಿಗಿಹಿಡಿಯಿತು. "ಸತ್ತೆವು!" ಎಂದರು. ಆದರೆ ಬೇರಿನ ಗೋಡೆ ತೆರೆದು ಅವರನ್ನು ಒಳಗೆ ಬಿಟ್ಟಿತು.

ಎರಡನೆಯದು ಸುರಂಗ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಜಾಗ. ಹಿಂದಿರುಗಿ ನೋಡಿದರೆ ಬಾಗಿಲು ಮುಚ್ಚಿಹೋಗಿತ್ತು. ಕುಲದವರು ಹೆದರಿ ಅಲ್ಲೇ ನಿಂತರು.

ಮೂರನೆಯದು ಕೆಂಪು ಕೋಣೆ. ಕೆಂಪು ನೀರು ಉಸಿರನ್ನು ಹನಿಹನಿಯಾಗಿ ಅಳೆದು ಕೊಡುತ್ತಿತ್ತು. ಅಣ್ಣತಮ್ಮಂದಿರು ಕಾಲಿಟ್ಟರು. ನಾಲ್ಕು ಗೋಡೆಗಳಿಂದಲೂ ಬಾಣಗಳು ಹಾರಿದವು.

ಗುರಾಣಿ ಜರಡಿಯಾಯಿತು. ದೊಡ್ಡೀರನ ಪಕ್ಕೆ ಸೀಳಿತು.

"ತಾಯೀ!" ಚಿಕ್ಕೀರ ಕಿರುಚಿದ. "ಕರೆದವಳೂ ನೀನೇ, ಕೊಲ್ಲುವವಳೂ ನೀನೇನಾ?"

"ಇದೇ ದಾರಿಯಲ್ಲಿ ಕಳ್ಳರೂ ಬರುತ್ತಾರೆ," ಎಂದಿತು ರಾಣಿಯ ದನಿ. "ಬಂದವರಿಗೆಲ್ಲ ನಾನು ಕೊಡುವ ಮೊದಲ ತುತ್ತು ಇದೇ."

ತುತ್ತು! ಚಿಕ್ಕೀರ ಬಾಯಿ ತೆರೆದ. ಬಾಣ ಒಳಗಿಳಿಯಿತು. ಮೈ ಹರಿಯಲಿಲ್ಲ. ಇನ್ನೊಂದು ನುಂಗಿದ, ಮತ್ತೊಂದು ನುಂಗಿದ.

"ಅಣ್ಣಾ, ಗುರಾಣಿ ಬಿಸಾಡು! ಬಾಯಿ ತೆರೆ!"

"ಹುಚ್ಚಾ, ಅದು ಬಾಣ!"

"ಕರೆದ ಮನೆಯ ತುತ್ತಣ್ಣಾ!" ಗುರಾಣಿ ಕಿತ್ತೆಸೆದು ಅಣ್ಣನ ದವಡೆ ಅಗಲಿಸಿದ. ದೊಡ್ಡೀರ ನುಂಗಿದ. ಪಕ್ಕೆ ಕೂಡಿತು.

ಇಬ್ಬರೂ ಊದತೊಡಗಿದರು. ಹತ್ತು ಪಟ್ಟು ದೊಡ್ಡವರಾಗಿ ಕೋಣೆ ತುಂಬಿದರು.

"ಈ ಬಾಣ ಉಂಡ ನಿಮಗೆ ಇನ್ನು ಮಕ್ಕಳಾಗುವುದಿಲ್ಲ," ಎಂದಳು ರಾಣಿ.

ಚಿಕ್ಕೀರ ಕೇಳಿದ: "ಮೊದಲೇ ಹೇಳಬಾರದಿತ್ತೇ?"

"ಹೇಳಿದ್ದರೆ ಬರುತ್ತಿದ್ದಿರಾ?"

ಚಿಕ್ಕೀರ ಸುರಂಗದ ಕಡೆ ತಿರುಗಿ ನೋಡಿದ. "ಹಾಗಾದರೆ ಸುರಂಗದಲ್ಲಿ ನಿಂತವರ ಮೇಲೆ ಬಾಣ ಬಿಡಬೇಡ. ಅವರಿಗೆ ಬೆಲ್ಲ ಕೊಡು. ಅವರ ಮಕ್ಕಳು ನಮ್ಮ ಮಕ್ಕಳು."

"ಆಗಲಿ," ಎಂದಳು ರಾಣಿ.

ಅಣ್ಣತಮ್ಮಂದಿರು ಗಾಳಿಯನ್ನು ಬೇಯಿಸಿದರು. ಅನ್ನ ಎಲೆಗೇರಿತು. ಹಳದಿ ಮಾಂತ್ರಿಕ ಒಂದೊಂದೇ ಎಲೆಯನ್ನು ಬಿಟ್ಟುಕೊಟ್ಟು, ರಾಣಿ ಹೂ ಬಿಡುವ ಹೊತ್ತಿಗೆ ಓಡಿಹೋದ. ಸುರಂಗದಲ್ಲಿ ಬೆಲ್ಲ ತಿಂದ ಕುಲ ಸಾವಿರವಾಯಿತು, ಲಕ್ಷವಾಯಿತು. ರಾಣಿ ಹಸಿರಾಗಿ ಬಾಳಿದಳು, ಕುಲ ಹೊಟ್ಟೆತುಂಬಿ ಬಾಳಿತು.

ಅಂದಿನಿಂದ ಆ ಕುಲದವರು ಬೇರಿಗೆ ಹೊರಟ ಮಕ್ಕಳಿಗೆ ಗುರಾಣಿ ಕೊಡುವುದಿಲ್ಲ. ಬಾಯಿ ಅಗಲವಾಗಿ ತೆರೆಯುವುದನ್ನು ಕಲಿಸಿ ಕಳಿಸುತ್ತಾರೆ.