ಬೆನ್ನು ತಿರುಗಿಸಿದವನ ಕಾರ್ಡ್

ಭಾವ ದೋಣಿಯಿಂದ ನೀರಿಗೆ ಬಿದ್ದು ಕಾಣೆಯಾಗಿ ಎಂಟು ತಿಂಗಳಾಗಿತ್ತು. ಅಕ್ಕನ ಮನಸ್ಸು ಸ್ವಲ್ಪ ಹಗುರಾಗಲಿ ಅಂತ ಫುಟ್‌ಪಾತಿನಲ್ಲಿ ಸಿಕ್ಕ ಭವಿಷ್ಯ ಹೇಳುವ ಅಗ್ಗದ ಟ್ಯಾರೋ ಕಾರ್ಡಿನ ಕಟ್ಟೊಂದನ್ನು ನಾನೇ ತಂದುಕೊಟ್ಟೆ. ಒಳಗೇನಿದೆ ಅಂತ ನೋಡಿರಲಿಲ್ಲ. ಬಿಚ್ಚಿದರೆ ಪ್ರತಿ ಕಾರ್ಡಿನಲ್ಲೂ ಸಮುದ್ರ, ಬಣ್ಣ ಬೇರೆ ಕಲಸಿಹೋಗಿತ್ತು. ಒಂದು ಕಾರ್ಡಿನಲ್ಲಿ ತಲೆಕೆಳಗಾಗಿ ನೇತಾಡುವ ಮನುಷ್ಯನನ್ನೂ ಚಿತ್ರಕಾರ ನೀರಿನೊಳಗೇ ಬರೆದಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು.

"ಈ ಹೆಗಲು ನಿನ್ನ ಭಾವನದೇ ಕಣೋ," ಅಂದಳು ಅಕ್ಕ. ಬಾಗಿಲ ಪಕ್ಕದ ಹೊಲಿಗೆ ಮೆಷಿನ್ ಮೇಲೆ ಆ ಕಾರ್ಡನ್ನು ಒರಗಿಸಿಟ್ಟಳು.

ಮರುದಿನ ಕಾರ್ಡ್ ಒದ್ದೆಯಾಗಿತ್ತು. ಮೂರನೇ ದಿನ ಅವನ ಮುಖ ಅರ್ಧ ಈ ಕಡೆ ತಿರುಗಿತ್ತು.

"ಬಿಸಾಕೇ ಅಕ್ಕಾ!"

"ತಂದವನು ನೀನೇ ಅಲ್ವೇನೋ? ಮನೆಗೆ ಬರೋವ್ರನ್ನ ಬೇಡ ಅನ್ನಕ್ಕಾಗತ್ತಾ?"

ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಕಾರ್ಡಿನಲ್ಲಿ ಬರೀ ನೀರಿತ್ತು. ಹೊರಗೆ ಸುಡುಬಿಸಿಲು, ಹೊಸ್ತಿಲು ಮಾತ್ರ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಅಕ್ಕ ನನ್ನನ್ನು ಅಲ್ಲೇ ತಡೆದಳು.

"ಇವತ್ತು ಬೇಡ ಕಣೋ. ಅವರಿಗೆ ಸಂಕೋಚ."

ಬಾಗಿಲು ಹಾಕಿಕೊಂಡಳು. ನಾನು ಕಿಟಕಿಯಿಂದ ಇಣುಕಿದೆ. ಎರಡು ತಟ್ಟೆಗೆ ಅನ್ನ ಬಡಿಸಿ, ಕೈಕಟ್ಟಿ ಒಬ್ಬಳೇ ಕೂತಿದ್ದಳು. ಒಂದು ತುತ್ತೂ ಮುಟ್ಟಲಿಲ್ಲ.

ನಾನು ನೋಡುತ್ತಿದ್ದ ಹಾಗೇ ಎರಡೂ ತಟ್ಟೆ ಖಾಲಿಯಾದವು.