ಅಪ್ಪಣೆಗಲ್ಲಿನ ಊರು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಹೊಂಗೆರೆ ಎಂಬ ರಾಜ್ಯವಿತ್ತು. ಅಲ್ಲಿನ ಕೆಲಸವನ್ನೆಲ್ಲ ಭೂತಗಳು ಮಾಡುತ್ತಿದ್ದವು. ದೀಪದ ಭೂತ ಸಂಜೆಯಾದರೆ ಬೆರಳ ತುದಿಯಿಂದ ಬೀದಿಬೀದಿಗೆ ಬೆಳಕು ಹಚ್ಚುತ್ತಿತ್ತು. ಬಾಗಿಲ ಭೂತ ಕೋಟೆಯ ಕದವನ್ನು ಒಂದೇ ಅಂಗೈಯಲ್ಲಿ ತೆರೆಯುತ್ತಿತ್ತು. ನೀರ ಭೂತ ಕೋಟೆಯಾಚೆ ನಿಂತು, ಪಾತಾಳದ ಕೆರೆಗೆ ತೋಳು ಇಳಿಬಿಟ್ಟು, ಮನೆಮನೆಯ ತೊಟ್ಟಿ ತುಂಬುತ್ತಿತ್ತು. ಅದರ ಮೊಣಕಾಲಿನ ಸುತ್ತ ಮೋಡಗಳು ಸುಳಿಯುತ್ತಿದ್ದವು.

ಅರಮನೆಯ ಅಂಗಳದಲ್ಲಿ ಒಂದು ಕರಿಯ ಕಲ್ಲಿತ್ತು. ಅದು ಅಪ್ಪಣೆಗಲ್ಲು. ಯಾವ ಭೂತ ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನು ಎಲ್ಲರೆದುರು ಆ ಕಲ್ಲಿಗೆ ಹೇಳಬೇಕು. ಹೇಳಿದ ಮಾತು ಬೆಳಕಿನ ಗೆರೆಯಾಗಿ ಕಲ್ಲಿನ ಮೇಲೆ ಮೂಡುತ್ತಿತ್ತು. ಎಲ್ಲಿದ್ದರೂ ಭೂತಗಳಿಗೆ ಅದು ಕಾಣುತ್ತಿತ್ತು. ಕಲ್ಲಿನ ಮುಂದೆ ಹೆಸರು ಹೇಳಿ ಸೇವೆಗೆ ಸೇರಿದವರ ಮಾತನ್ನಷ್ಟೇ ಅವು ಕೇಳುತ್ತಿದ್ದವು. ಊರಿನಲ್ಲಿ ಮನೆಗೊಬ್ಬರಾದರೂ ಹಾಗೆ ಸೇರಿದ್ದರು.

ದೀಪ ಹಚ್ಚುವ ಹೊತ್ತಿಗೆ ರಾಜಕುಮಾರಿ ಮಾಚಲೆ ಕಲ್ಲಿನ ಬಳಿ ನಿಂತು, ಸೇವೆಯಲ್ಲಿದ್ದ ಮನುಷ್ಯರನ್ನೂ ಭೂತಗಳನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. "ಇದ್ದೇನೆ" ಎನ್ನಬೇಕು. ಮೂರು ಸಲ ಕರೆದರೂ ಓಗೊಡದವರ ಸೇವೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೊಟ್ಟಿದ್ದ ಅಪ್ಪಣೆಗಳೂ ಅಳಿದುಹೋಗುತ್ತಿದ್ದವು.

ಬರಬರುತ್ತ ಅಂಗಳದವರೆಗೆ ನಡೆಯುವುದು ಎಲ್ಲರಿಗೂ ಬೇಸರವಾಯಿತು. ಇಷ್ಟು ಸಣ್ಣ ವಿಷಯಕ್ಕೆ ಕಲ್ಲೇಕೆ ಎಂದುಕೊಂಡು, ದಾರಿಯಲ್ಲಿ ಸಿಕ್ಕ ಭೂತದ, ತೊಟ್ಟಿ ತುಂಬಲು ಬಾಗಿದ ನೀರ ಭೂತದ ಕಿವಿಯಲ್ಲೇ ಪಿಸುಗುಟ್ಟತೊಡಗಿದರು. "ನಮ್ಮ ಬೀದಿಗೆ ಒಂದು ಕೊಡ ಜಾಸ್ತಿ ಹಾಕು, ಯಾರಿಗೂ ಹೇಳಬೇಡ." ಭೂತಗಳು ಒಲ್ಲೆ ಎನ್ನುತ್ತಿರಲಿಲ್ಲ. ಮರೆಯುತ್ತಲೂ ಇರಲಿಲ್ಲ.

ಒಂದು ಬೆಳಗ್ಗೆ ತೊಟ್ಟಿಗಳು ತುಂಬಿದ ಮೇಲೂ ನೀರು ನಿಲ್ಲಲಿಲ್ಲ. ಕೆಳಗಿನ ಬೀದಿಯವರು ಮಕ್ಕಳನ್ನು ಎತ್ತಿಕೊಂಡು ಮಾಳಿಗೆ ಹತ್ತಿದರು. ಮಾಚಲೆ ಓಡಿಬಂದು ಕಲ್ಲಿಗೆ "ನಿಲ್ಲಿಸು" ಎಂದಳು. ಆ ಮಾತು ಕಲ್ಲಿನ ಮೇಲೆ ಸೂರ್ಯನಂತೆ ಉರಿಯಿತು. ನೀರು ಮಾತ್ರ ಏರುತ್ತಲೇ ಇತ್ತು.

ಆಗ ಅರಮನೆಯಲ್ಲಿ ಧೂಪ ಹಿಡಿಯುತ್ತಿದ್ದ ಕರ್ಬೊಗೆ ಎಂಬವನು ರಾಣಿ ಜಕ್ಕವ್ವೆಯ ಎದುರು ತಲೆಯೆತ್ತಿ ನಿಂತ. ಅವನ ಧೂಪದ ಹೊಗೆ ಹೆಡೆಯೆತ್ತಿದ ಹಾವಾಗಿ ಕಂಬಗಳನ್ನು ಸುತ್ತಿತು. ಅವನು ಮಾಂತ್ರಿಕನೆಂದು ಎಲ್ಲರಿಗೂ ತಿಳಿದದ್ದು ಆಗಲೇ.

"ನಿಲ್ಲಿಸಬೇಡ ಎಂದು ನೀರ ಭೂತಕ್ಕೆ ಪಿಸುಗುಟ್ಟಿದವನು ನಾನು. ನೀವೆಲ್ಲ ಮಾಡುವುದನ್ನೇ ಮಾಡಿದೆ. ದೀಪ ಹಚ್ಚುವ ಹೊತ್ತಿಗೆ ಕಿರೀಟ ಕೊಡಿ. ಇಲ್ಲದಿದ್ದರೆ ಊರು ಕೆರೆಯಾಗುತ್ತದೆ."

ರಾಣಿಯ ಕೈ ಕಿರೀಟದ ಕಡೆಗೆ ಹೋಯಿತು.

"ಅವ್ವಾ, ಸಂಜೆಯವರೆಗೆ ತಡಿ," ಎಂದು ಮಾಚಲೆ ಹೊರಟಳು.

ಹೊಗೆಯ ಹಾವು ಬೀದಿಗೆ ಅಡ್ಡ ಮಲಗಿತ್ತು. ನಡುಮಧ್ಯಾಹ್ನವೇ ಕಗ್ಗತ್ತಲು. ದೀಪದ ಭೂತವನ್ನು ಕರೆದರೆ ಅದು ಬರಲಿಲ್ಲ. ಹುಡುಕುತ್ತ ಹೋದರೆ ಮಾಚಲೆಯ ಕೋಣೆಯಲ್ಲೇ ಕುಳಿತಿತ್ತು.

"ಇಲ್ಲೇಕೆ ಕುಳಿತಿದ್ದೀಯ?"

"ಕಿವಿಯಲ್ಲೊಂದು ಮಾತಿದೆ, ತಾಯಿ. ಹಗಲಲ್ಲೂ ಈ ಕೋಣೆಯ ದೀಪ ಆರಬಾರದು ಎಂದು."

"ಯಾರ ಮಾತು?"

"ನಿಮ್ಮದೇ. ಕಲ್ಲು ಕಾಣುತ್ತದೆ. ಆದರೆ ಕಣ್ಣಿಗಿಂತ ಕಿವಿ ಹತ್ತಿರ. ಹೇಳಿದ ಬಾಯೇ ಹಿಂದಕ್ಕೆ ಪಡೆಯಬೇಕು, ಎಲ್ಲರಿಗೂ ಕೇಳುವಂತೆ."

ಮಾಚಲೆಯ ಮುಖ ಬಿಸಿಯಾಯಿತು. ಕಿಟಕಿ ತೆರೆದು ಊರಿಗೆಲ್ಲ ಕೇಳುವಂತೆ ಕೂಗಿದಳು: "ನನಗೆ ಕತ್ತಲೆಂದರೆ ಭಯವಿತ್ತು. ಆ ಮಾತು ಹಿಂದಕ್ಕೆ ಪಡೆದೆ." ಭೂತದ ಕಿವಿಯಿಂದ ಮಿಂಚುಹುಳುವೊಂದು ಹಾರಿಹೋಯಿತು. ಭೂತ ಬೆರಳೆತ್ತಿತು; ಹೊಗೆಯ ಹಾವು ಬೆಳಕಿನಲ್ಲಿ ಕರಗಿತು.

ಕೋಟೆಯ ಹೆಬ್ಬಾಗಿಲು ಮುಚ್ಚಿತ್ತು. ಬಾಗಿಲ ಭೂತ ಹಿತ್ತಿಲ ಬಾಗಿಲಿನಲ್ಲಿ ಕುಳಿತಿತ್ತು.

"ಇಲ್ಲೇಕೆ ಕುಳಿತಿದ್ದೀಯ?"

"ಕಿವಿಯಲ್ಲೊಂದು ಮಾತಿದೆ, ತಾಯಿ. ಮಂತ್ರಿಗಳ ಬೀಗರು ಬಂದರೆ ಹೆಸರು ಕೇಳದೆ ಇಲ್ಲಿಂದಲೇ ಒಳಗೆ ಬಿಡಬೇಕಂತೆ. ಯಾವಾಗ ಬರುತ್ತಾರೋ ತಿಳಿಯದು."

ಮಾಚಲೆ ಕರೆಸಿದಾಗ ಮಂತ್ರಿ ಬಾಚರಸ ಪಂಚೆ ಎತ್ತಿಕೊಂಡು ನೀರಿನಲ್ಲಿ ಬಂದ. "ಮೆಲ್ಲಗೆ ಹೇಳಿದರೆ ಸಾಲದೇ, ತಾಯಿ?"

"ಮೆಲ್ಲಗೆ ಹೇಳಿದ್ದಕ್ಕೇ ಈ ಗತಿ, ಬಾಚರಸರೇ."

ಆ ಮಾತು ಹಿಂದಕ್ಕೆ ಪಡೆದೆ ಎಂದು ಅವನು ಗಟ್ಟಿಯಾಗಿ ಹೇಳಿದ. ಹಿಂದೆ ನಿಂತಿದ್ದ ಅವನ ಹೆಂಡತಿ, "ನಮ್ಮ ತವರಿನವರಿಗೆ ಮಾತ್ರ ಹೆಬ್ಬಾಗಿಲೇ ಗತಿಯಾಗಿತ್ತು," ಎಂದಳು. ಮಿಂಚುಹುಳು ಹಾರಿತು. ಹೆಬ್ಬಾಗಿಲು ತೆರೆಯಿತು.

ಆಚೆ ನೀರ ಭೂತ ಆಕಾಶದೆತ್ತರ ನಿಂತಿತ್ತು. ಅದರ ಕಿವಿಯಲ್ಲಿ ಒಂದಲ್ಲ, ಎಣಿಕೆಗೆ ಸಿಗದಷ್ಟು ಪಿಸುಮಾತುಗಳು ಗುಂಯ್‌ಗುಡುತ್ತಿದ್ದವು. ಅದು ಅಳುತ್ತಿತ್ತು. "ಯಾರ ಮಾತು ಕೇಳಲಿ, ತಾಯಿ?"

ಪಿಸುಗುಟ್ಟಿದ್ದನ್ನೆಲ್ಲ ಹಿಂದಕ್ಕೆ ಪಡೆಯಿರಿ ಎಂದು ಮಾಚಲೆ ಊರಿನತ್ತ ತಿರುಗಿ ಕೂಗಿದಳು. ಮೊದಲು ಒಂದು ಮಾಳಿಗೆಯಿಂದ ಮುದುಕಿಯೊಬ್ಬಳ ದನಿ ಬಂತು: "ನನ್ನ ಒಂದು ಕೊಡ ಹಿಂದಕ್ಕೆ ಪಡೆದೆ." ಪಕ್ಕದ ಮಾಳಿಗೆ ಓಗೊಟ್ಟಿತು. ಆಮೇಲೆ ಬೀದಿಗೆ ಬೀದಿಯೇ ಕೂಗಿತು. ಭೂತದ ಕಿವಿಯಿಂದ ಮಿಂಚುಹುಳುಗಳು ಹೊಳೆಯಾಗಿ ಹರಿದು, ಮೇಲಕ್ಕೇರಿ, ಹಗಲಿನಲ್ಲೇ ನಕ್ಷತ್ರಗಳಾಗಿ ನಿಂತವು. ಮಾಚಲೆ ಉಸಿರಾಡುವುದನ್ನೂ ಮರೆತು ನೋಡಿದಳು.

ಕಿವಿಯಲ್ಲಿ ಒಂದೇ ಒಂದು ಕಪ್ಪು ಹುಳು ಉಳಿಯಿತು. ಅದು ಕರ್ಬೊಗೆಯ ಮಾತು. ನೀರು ಇನ್ನೂ ಏರುತ್ತಿತ್ತು.

ಅವಳು ಅಂಗಳಕ್ಕೆ ಮರಳಿದಾಗ ದೀಪ ಹಚ್ಚುವ ಹೊತ್ತು. ಕರ್ಬೊಗೆ ಸಿಂಹಾಸನದ ಮೆಟ್ಟಿಲಿನ ಮೇಲಿದ್ದ. ಮಾಚಲೆ ಅವನತ್ತ ನೋಡದೆ ಕಲ್ಲಿನ ಬಳಿ ನಿಂತು ಎಂದಿನಂತೆ ಹೆಸರು ಕರೆಯತೊಡಗಿದಳು. ದೀಪದ ಭೂತ ಓಗೊಟ್ಟಿತು. ಬಾಗಿಲ ಭೂತ ಓಗೊಟ್ಟಿತು. ದೂರದಿಂದ ನೀರ ಭೂತದ ದನಿ ಗುಡುಗಿತು.

"ಧೂಪದ ಕರ್ಬೊಗೆ."

ಅವನು ನಕ್ಕ. "ಪಟ್ಟಕ್ಕೆ ಏರುವವನನ್ನು ಆಳಿನಂತೆ ಕರೆಯುತ್ತೀಯಾ?"

"ಈ ಕಲ್ಲಿನ ಮುಂದೆ ಹೆಸರು ಹೇಳಿದ್ದರಿಂದಲೇ ಭೂತ ನಿನ್ನ ಮಾತು ಕೇಳಿದ್ದು. ಇದ್ದೇನೆ ಎಂದರೆ ನೀನು ಕಲ್ಲಿನ ಸೇವಕ. ಕಲ್ಲು 'ನಿಲ್ಲಿಸು' ಎನ್ನುತ್ತಿದೆ, ನಿನ್ನ ಮಾತು ಹಿಂದಕ್ಕೆ ಪಡೆಯಬೇಕು; ಓಗೊಡದಿದ್ದರೆ ನಿನ್ನ ಅಪ್ಪಣೆ ತಾನೇ ಅಳಿಯುತ್ತದೆ. ಧೂಪದ ಕರ್ಬೊಗೆ."

ಅವನು ಬಾಯಿ ತೆರೆದ. ಕಲ್ಲಿನ ಮೇಲೆ ಉರಿಯುತ್ತಿದ್ದ ಮಾತನ್ನು ನೋಡಿ ಮುಚ್ಚಿದ.

"ಧೂಪದ ಕರ್ಬೊಗೆ."

ಅವನು ಓಗೊಡಲಿಲ್ಲ.

ಕಲ್ಲಿನ ಮೇಲಿಂದ ಅವನ ಹೆಸರು ಅಳಿಯಿತು. ಭೂತದ ಕಿವಿಯಿಂದ ಕಪ್ಪು ಹುಳು ಸತ್ತು ಬಿತ್ತು. ನೀರು ನಿಂತಿತು, ತೆರೆದ ಹೆಬ್ಬಾಗಿಲಿನಿಂದ ಹರಿದು ಕೆರೆಗೆ ಮರಳಿತು. ಬಾಗಿಲ ಭೂತ ಅವನನ್ನು ಎರಡು ಬೆರಳಲ್ಲಿ ಎತ್ತಿ ಬೆಟ್ಟಗಳಾಚೆ ಇಳಿಸಿ ಬಂತು. ಮತ್ತೆಂದೂ ಅವನಿಗೆ ಆ ಕದ ತೆರೆಯಲಿಲ್ಲ.

ಅಂದಿನಿಂದ ಒಂದು ಕೊಡ ನೀರು ಹೆಚ್ಚು ಬೇಕಾದರೂ ರಾಣಿಯೇ ಅಂಗಳಕ್ಕೆ ಬಂದು ಎಲ್ಲರೆದುರು ಕೇಳುತ್ತಿದ್ದಳು. ಮಂತ್ರಿಯ ಬೀಗರು ಹೆಬ್ಬಾಗಿಲಿನಲ್ಲಿ ಹೆಸರು ಹೇಳಿಯೇ ಒಳಗೆ ಬರುತ್ತಿದ್ದರು. ಹೊಂಗೆರೆಯ ಜನ, ಭೂತಗಳು ಎಲ್ಲರೂ ಸುಖವಾಗಿದ್ದರು. ಮಾಚಲೆ ಸಂಜೆಸಂಜೆ ಎಲ್ಲರ ಹೆಸರು ಕರೆದು, ಕೊನೆಗೆ ತನ್ನ ಹೆಸರನ್ನೂ ಕರೆದು, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: "ಇದ್ದೇನೆ."